ತೆಪ್ಪಲಿನ ಕರಿ ಬೀಜ

ಹೋದ ಡಿಸೆಂಬರಿನ ಒಂದು ಶನಿವಾರ, ಬೆಳಿಗ್ಗೆ ಏಳೂವರೆಗೆ, ನಾನು ಅಂಕೋಲೆಯ ಬಾಡಿಗೆ ಕೋಣೆಯಲ್ಲಿ ಮಿಕ್ಸರಿನ ಎಡಗಡೆ ನಿಂತಿದ್ದೆ. ಮುಚ್ಚಳ ತೆಗೆದಾಗ ತೆಪ್ಪಲಿನ ವಾಸನೆ ಮೂಗಿಗೆ ಹೊಡೆಯಿತು. ಬಂಗಡೆ ಮೀನಿನ ಸಾರಿಗೆ ಬೀಳುವ, ನಾಲಿಗೆಯನ್ನು ಜುಮ್ಮೆನ್ನಿಸುವ ಆ ಒಣಕಾಯಿಯನ್ನು ನೀವು ಬಲ್ಲಿರಿ. ನನಗಂತೂ ಅದು ಬೆಳಂಬಾರದ ನಮ್ಮ ಅಡುಗೆಮನೆಯದೇ ವಾಸನೆ.

ಆಯಿ, ಎಂದರೆ ನನ್ನ ಅಮ್ಮ, ತೀರಿಹೋಗಿ ಮೂರು ವರ್ಷವಾಯಿತು. ಅವಳ ಬಂಗಡೆ ಮಸಾಲೆಯನ್ನು ಪೊಟ್ಟಣ ಕಟ್ಟಿ ಕಾರವಾರದ ಅಂಗಡಿಗಳಿಗೆ ಕೊಡುತ್ತೇನೆ, ವ್ಯಾಪಾರ ಎಂದು ಊರಿಗೆಲ್ಲ ಹೇಳಿದ್ದೆ. ಒಳಗಿದ್ದದ್ದು ಆ ಸಾರನ್ನು ಇನ್ನೊಮ್ಮೆ ಉಣ್ಣುವ ಆಸೆ. ಪೊಟ್ಟಣದ ಮೇಲೆ ‘ಆಯಿಯ ಕೈರುಚಿ’ ಎಂದು ಅಚ್ಚು ಹಾಕಿಸಿಯೂ ಆಗಿತ್ತು, ರುಚಿಯೊಂದು ಬರಬೇಕಿತ್ತು.

ಅಂದಿನ ಸಾರೂ ಕಹಿ. ಮೂರನೆಯ ಸಲ.

ಆಯಿ ತೆಪ್ಪಲನ್ನು ಏನು ಮಾಡುತ್ತಿದ್ದಳು? ಇಪ್ಪತ್ತು ವರ್ಷ ಅವಳ ಒಲೆಯ ಪಕ್ಕದಲ್ಲೇ ಕೂತು ಉಂಡವನು ನಾನು. ಎಷ್ಟು ನೆನೆದರೂ ನನ್ನ ತಟ್ಟೆ ಕಾಣುತ್ತಿತ್ತು, ಅವಳ ಕೈ ಕಾಣಲಿಲ್ಲ.

ಪಾತ್ರೆ ಸಮೇತ ಬೆಳಂಬಾರಕ್ಕೆ ಹೋದೆ, ನಮಗೆ ಮೀನು ತರುತ್ತಿದ್ದ ತುಳಸಕ್ಕನ ಮನೆಗೆ. ಬುಟ್ಟಿ ಇಳಿಸಿ ನಮ್ಮ ಹೊಸ್ತಿಲಲ್ಲಿ ಕೂತು, ಅಡುಗೆ ಮಾಡುವ ಆಯಿಯೊಡನೆ ಹರಟುತ್ತಿದ್ದವಳು ಅವಳು. ಬೆರಳದ್ದಿ ನೆಕ್ಕಿದಳು.

“ಇದೆಂತದು ತಮಾ, ಸಾರೋ ಕಷಾಯವೋ? ತೆಪ್ಪಲ ಮಿಕ್ಸರಿಗೆ ಹಾಕ್ದ್ಯಾ?”

“ಹೌದು, ಬೀಜ ಸಮೇತ.”

“ಅಯ್ಯೋ ಮಾರಾಯಾ! ಕರಿ ಬೀಜ ಬಿಸಾಕೂದು. ಸಿಪ್ಪೆ ಬೀಸೂದಲ್ಲ, ಜಜ್ಜೂದು. ಸಾರು ಕುದಿ ಬಂದ್ಮೇಲೆ ಹಾಕೂದು. ನಿನ್ನ ಆಯಿ ಬೀಜ ಎಲ್ಲ ನನ್ನ ಬುಟ್ಟಿಗೇ ಎಸೀತಿತ್ತು, ನಗಾಡೂಕೆ. ಮನೆಗೆ ಹೋಗಿ ಬುಟ್ಟಿ ಕೊಡವಿದ್ರೆ ಉದುರ್ತಿದ್ವು. ನೀ ಅಲ್ಲೇ ಇದ್ದಿದ್ಯಲ್ಲಾ?”

ಇದ್ದೆ.

ತುಳಸಕ್ಕ ಹೊಸದಾಗಿ ಸಾರಿಗಿಟ್ಟಳು. ಈ ಸಲ ಹೊಸ್ತಿಲಲ್ಲಿ ನಾನು ಕೂತೆ, ಅವಳ ಕೈಯಿಂದ ಕಣ್ಣು ಕೀಳಲಿಲ್ಲ. ಆ ಸಾರು ಆಯಿಯದಕ್ಕೆ ಬಹಳ ಹತ್ತಿರವಿತ್ತು. ಅದೇ ಎನ್ನಲಾರೆ, ಕಣ್ಣು ತುಂಬಿದಾಗ ರುಚಿ ಸರಿಯಾಗಿ ತಿಳಿಯುವುದಿಲ್ಲ.

ಈಗ ನನ್ನ ಮಸಾಲೆಯ ಜೊತೆ ಬೀಜ ತೆಗೆದ ತೆಪ್ಪಲಿನ ಪುಟ್ಟ ಪೊಟ್ಟಣ ಬೇರೆಯೇ ಇರುತ್ತದೆ. ಜಜ್ಜುವುದು ನಿಮ್ಮ ಕೆಲಸ. ಹೇಗೆಂದು ಕೇಳಿದವರಿಗೆ ಹೇಳುತ್ತೇನೆ: ನನ್ನ ಆಯಿ ಜಜ್ಜುವುದನ್ನು ನಾನು ನೋಡಲಿಲ್ಲ. ನೋಡಿದವಳು ಬೆಳಂಬಾರದ ತುಳಸಕ್ಕ, ಇನ್ನೂ ಇದ್ದಾಳೆ.