ಚೀಲದ ಕೆಳಗಿನ ಕಟ್ಟು

ಮಾತನಾಡುವಾಗಲೂ ಅವರ ಬಾಯಿಯ ಬಲಮೂಲೆಯಿಂದ ನಾಲ್ಕೈದು ಬಿಳಿ ಎಳೆಗಳು ಜೋತುಬಿದ್ದಿರುತ್ತಿದ್ದವು. ಖಾಲಿ ಸಿಮೆಂಟ್ ಚೀಲದಿಂದ ಬಿಡಿಸಿದ ಪ್ಲಾಸ್ಟಿಕ್ ಎಳೆಗಳು. ಎಡಗೈಯಲ್ಲಿ ಸೊಪ್ಪು ಹಿಡಿದು, ಬಲಗೈಯಿಂದ ಬಾಯಿಯ ಒಂದು ಎಳೆ ಸೆಳೆದು ಸುತ್ತಿ ಬಿಗಿದರೆ ಒಂದು ಕಟ್ಟು ಸಿದ್ಧ. ಆ ಎಳೆಗಳ ನಡುವಿನಿಂದಲೇ ಗಿರಾಕಿಗಳೊಂದಿಗೆ ಮರಾಠಿ, ನಮ್ಮೊಂದಿಗೆ ವಿಜಯಪುರದ ಕನ್ನಡ.

ಮುಂಬೈಯಾಚೆ, ಕಲ್ಯಾಣದ ಪಕ್ಕದ ಶಹಾಡ್ ಸ್ಟೇಷನ್ನಿನ ಮೆಟ್ಟಿಲ ಬುಡದಲ್ಲಿ ಅವರು ಕೂರುತ್ತಿದ್ದರು. ನಮಗೆ ಅವರು ಪಲ್ಯದ ಕಾಕಾ. ಸೊಪ್ಪಿಗೆ ಪಲ್ಯ ಎನ್ನುವುದು ಅವರ ಕಡೆಯ ಮಾತು. ಉಡುಪಿ ಕಡೆಯವರಾದ ನಮಗೆ ಅದು ಬೇಯಿಸಿದ ಮೇಲೆ ಬರುವ ಹೆಸರು. ನಮ್ಮ ಹರಿವೆ ಸೊಪ್ಪು ಅವರಿಗೆ ರಾಜಗಿರಿ; ಹರವಿ ಎಂದರೆ ಅವರ ಕಡೆ ಮಣ್ಣಿನ ಗಡಿಗೆ. ಅಮ್ಮ ಹರಿವೆ ಕೇಳಿದರೆ ಅವರು ಬಿಡುತ್ತಿರಲಿಲ್ಲ. "ಹರವಿ ಬೇಕಂದ್ರ ಕುಂಬಾರನ ಕಡೆ ಹೋಗ್ರಿ ಅಕ್ಕಾರ. ನನ್ನ ಕಡೆ ರಾಜಗಿರಿ ಐತಿ."

ಆ ಸೊಪ್ಪು ಅವರೇ ಬೆಳೆದದ್ದು. ಸ್ಟೇಷನ್ ದಾಟಿದ ಮೇಲೆ ಹಳಿಗೂ ಗೋಡೆಗೂ ನಡುವಿನ ಪಟ್ಟಿಯೇ ಅವರ ಹೊಲ. ನೀರು ಪಕ್ಕದ ಕೊಳಚೆ ನಾಲಾದ್ದು. ನಾನು ನವಿ ಮುಂಬೈಯ ಒಂದು ಕಾಲೇಜಿನಲ್ಲಿ ಸಸ್ಯವಿಜ್ಞಾನದ ಸಂಶೋಧನೆಗೆ ಸೇರಿದಾಗ ಇಂಥ ನೀರಿನಿಂದ ಎಲೆಗೆ ಏನೇನು ಏರುತ್ತದೆ ಎಂಬುದೇ ನನ್ನ ವಿಷಯವಾಯಿತು. ಹಳಿಯ ಪಕ್ಕದ ಬೇರೆ ಬೆಳೆಗಾರರು ನನ್ನನ್ನು ಒಳಗೇ ಬಿಡಲಿಲ್ಲ. ಕಾಕಾ ಮಾತ್ರ, "ಕಿತ್ಕೋ ತಂಗಿ. ಮಗ್ಗಲದ್ದು ತುಳೀಬ್ಯಾಡ ಅಷ್ಟ," ಎಂದರು. ಆಮೇಲೆ ನಾನು ಮೆಟ್ಟಿಲಿಳಿದಾಗಲೆಲ್ಲ ಅದೇ ಪ್ರಶ್ನೆ: "ನನ್ನ ಪಲ್ಯ ಪಾಸಾತೇನು?"

ಪಾಸಾಗಲಿಲ್ಲ. ಎಲೆಯಲ್ಲಿ ಸೀಸ ಇರಬಾರದಷ್ಟು ಇತ್ತು. ಮತ್ತೆ ಮಾದರಿ ತಂದು ಮತ್ತೆ ನೋಡಿದೆ. ಅದೇ ಬಂತು.

ಆ ಸುಮಾರಿಗೆ ಕೊಯಮತ್ತೂರಿನ ಒಂದು ಸಸ್ಯವಿಜ್ಞಾನ ಸಮ್ಮೇಳನಕ್ಕೆ ನನ್ನ ಪೋಸ್ಟರ್ ಆಯ್ಕೆಯಾಯಿತು. ವಿದ್ಯಾರ್ಥಿಗಳಿಗೆ ನೆರವು ಇತ್ತು: ಪ್ರವೇಶ ಶುಲ್ಕವಿಲ್ಲ, ಹಾಸ್ಟೆಲಿನಲ್ಲಿ ವಸತಿ, ಪ್ರಯಾಣದ ಖರ್ಚೂ ಅವರದೇ. ಆದರೆ ಆ ಖರ್ಚನ್ನು ಮೊದಲು ನಾವು ಮಾಡಬೇಕು; ಅವರು ಕೊಡುವುದು ಹೋಗಿ ಬಂದ ಮೇಲೆ. ಡೊಂಬಿವಲಿಯಲ್ಲಿ ಅಪ್ಪ ಕೆಲಸ ಮಾಡುತ್ತಿದ್ದ ಹೋಟೆಲು ಆಗ ರಿಪೇರಿಗೆಂದು ಬಾಗಿಲು ಹಾಕಿತ್ತು. ನೆರವು ಸಿಕ್ಕಿಯೂ ಹೋಗಲಾಗದ ಸ್ಥಿತಿ ನನ್ನದು.

ಕಾಕಾನ ಬಳಿ ಹೋದದ್ದು ಹಣಕ್ಕಲ್ಲ, ಫಲಿತಾಂಶ ಹೇಳಲು. ಅವರಿಗೆ ಮೊದಲು ಹೇಳದೆ ಎಲ್ಲೂ ಹೇಳಬಾರದು ಎನಿಸಿತ್ತು.

"ಕಾಕಾ, ನಿಮ್ಮ ಸೊಪ್ಪಿನಲ್ಲಿ ಸೀಸ ಉಂಟು. ನೀರಿನಿಂದ ಬರುವುದು. ತೊಳೆದರೂ ಹೋಗುವುದಿಲ್ಲ."

ಅವರ ಕೈ ನಿಲ್ಲಲಿಲ್ಲ. "ತಿಂದ್ರ ಏನಾಕ್ಕೇತಿ?"

"ಒಂದು ದಿನಕ್ಕೆ ಏನೂ ಇಲ್ಲ. ತುಂಬಾ ಕಾಲ ತಿಂದರೆ ಕೆಟ್ಟದ್ದು. ಮಕ್ಕಳಿಗೆ ಇನ್ನೂ ಕೆಟ್ಟದ್ದು. ಕೊಯಮತ್ತೂರಿನಲ್ಲಿ ಇದನ್ನೇ ಹೇಳಲಿಕ್ಕಿತ್ತು."

"ನನ್ನ ಹೆಸರ ಹೇಳ್ತೀಯೇನು?"

"ಇಲ್ಲ. ಜಾಗದ ಹೆಸರೂ ಇಲ್ಲ."

"ಹಂಗಾದ್ರ ಹೋಗು ಮತ್ತ."

ಟಿಕೆಟ್ಟಿನ ಸಂಗತಿ ಹೇಳಿದೆ. ಅವರು ತಾವು ಕುಳಿತಿದ್ದ ಚೀಲದ ಮಡಿಕೆಯಿಂದ ನೋಟುಗಳನ್ನು ತೆಗೆದು ನನ್ನ ಕೈಯಲ್ಲಿಟ್ಟರು. ನಾನು ಹಿಂದೆ ಸರಿದೆ. "ನನ್ನ ಪಲ್ಯ ಕೊಯಮತ್ತೂರ ತನಕ ಹೊಂಟೈತಿ, ಸಣ್ಣ ಮಾತೇನು?" ಎಂದು ನಕ್ಕರು. ಅದು ಹೆಮ್ಮೆಯೋ, ತಮಾಷೆಯೋ, ನಾನು ಹೇಳಿದ್ದು ಅವರಿಗೆ ಅರ್ಥವೇ ಆಗಿರಲಿಲ್ಲವೋ. ಮೂರರಲ್ಲಿ ಯಾವುದೆಂದು ಅಂದು ತಿಳಿಯಲಿಲ್ಲ.

ಸಮ್ಮೇಳನದಲ್ಲಿ ನನ್ನ ಪೋಸ್ಟರಿನ ಮುಂದೆ ಹಿರಿಯರೊಬ್ಬರು ಬಹಳ ಹೊತ್ತು ನಿಂತರು. ಕೊನೆಗೆ ಕೇಳಿದರು: "ಬೆಳೆಯುವವರಿಗೆ ಇದನ್ನು ಹೇಳಿದ್ದೀರಾ?"

"ಹೇಳಿದ್ದೇನೆ. ಅವರೇ ನನ್ನನ್ನು ಇಲ್ಲಿಗೆ ಕಳಿಸಿದ್ದು."

ಅವರು ನಕ್ಕು ಮುಂದಿನ ಪೋಸ್ಟರಿಗೆ ಹೋದರು. ನಾನು ಹಾಸ್ಯ ಮಾಡಿದೆ ಎಂದುಕೊಂಡಿರಬೇಕು.

ತಿಂಗಳುಗಳ ನಂತರ ಸಮ್ಮೇಳನದ ಹಣ ಬಂತು. ಕಾಕಾ ಅದನ್ನು ಎಣಿಸದೆ ಚೀಲದ ಮಡಿಕೆಗೆ ಸೇರಿಸಿದರು. "ಖರೇನ ಕೊಟ್ರಾ? ನಾ ಅದು ಮುಳುಗೇತಿ ಅಂತ ತಿಳಿದಿದ್ದೆ." ಹಣದ ಲೆಕ್ಕ ಅಲ್ಲಿಗೆ ಮುಗಿಯಿತು.

ಆದರೆ ಮನೆಯಲ್ಲಿ ಇನ್ನೊಂದು ನಡೆದಿತ್ತು. ಕಾಕಾನ ಸೊಪ್ಪು ತರಬೇಡ ಎಂದು ನಾನು ಅಮ್ಮನಿಗೆ ಹೇಳಿದ್ದೆ. "ದಿನಾ ಅವರ ಎದುರಿನಿಂದಲೇ ಬರ್ಬೇಕು ನಾನು. ಹೇಗೆ ನಿಲ್ಲಿಸುದು ಮಾರಾಯ್ತಿ? ನಿನ್ನನ್ನು ಕಳಿಸಿದವರು ಅವರು," ಎಂದಳು ಅಮ್ಮ. ಕೊಂಡು ತರುತ್ತಿದ್ದಳು, ತಂದು ಹಾಗೆಯೇ ಕಸದ ಡಬ್ಬಕ್ಕೆ ಹಾಕುತ್ತಿದ್ದಳು. ಒಂದು ಬೆಳಿಗ್ಗೆ ಡಬ್ಬ ಹೊರಗಿಡುವಾಗ ನನ್ನ ಕಣ್ಣಿಗೆ ಬಿತ್ತು: ಹರಿವೆಯ ಕಟ್ಟಿಗೆ ಬಿಳಿ ಎಳೆ ಇರಲಿಲ್ಲ, ಒಣಹುಲ್ಲು ಸುತ್ತಿತ್ತು. ಅಮ್ಮನನ್ನು ಕೇಳಿದೆ. "ಹೌದು, ಈಗ ಮುಂದೆ ಹರಡಿದ್ದು ಕೊಡುದಿಲ್ಲ. ಚೀಲದ ಕೆಳಗಿಂದ ತೆಗೆದು ಕೊಡ್ತಾರೆ. ನೀನು ಕೊಯಮತ್ತೂರಿನಿಂದ ಬಂದಲ್ಲಿಂದ ಹಾಗೇ."

ಅಂದೇ ಸಂಜೆ ಕಾಕಾನ ಮುಂದೆ ಹೋಗಿ ನಿಂತೆ.

"ನಮಗೆ ಕೊಡುವುದು ನಿಮ್ಮ ಹೊಲದ್ದಲ್ಲ ಅಲ್ವಾ ಕಾಕಾ?"

"ಅಲ್ಲ. ಕಲ್ಯಾಣದ ಮಂಡಿಯಿಂದ ತರ್ತೀನಿ. ಹಳ್ಳಿ ಮಾಲು."

"ಯಾಕೆ?"

"ನೀ ನೋಡಿದಾಕಿ. ನೋಡಿದವರಿಗೆ ಅದನ್ನ ಕೊಡಬಾರದು."

"ಮತ್ತೆ ಇವರಿಗೆಲ್ಲ?"

ಅವರು ಬಾಯಿಯ ಎಳೆಗಳನ್ನು ತೆಗೆದು ಮೊಣಕಾಲ ಮೇಲಿಟ್ಟರು. ಎಳೆಗಳಿಲ್ಲದ ಅವರ ಬಾಯನ್ನು ನಾನು ನೋಡಿದ್ದು ಅದೇ ಮೊದಲು. ತೀರ ಚಿಕ್ಕದಾಗಿ ಕಂಡಿತು. "ಮಂಡಿ ಮಾಲು ತಂದು ಮಾರಿದ್ರ ನನಗ ಏನೂ ಉಳಿಯೂದಿಲ್ಲ ತಂಗಿ. ನಾನೂ ಇದನ್ನ ತಿಂತೀನಿ, ನನ್ನ ಹೇಣ್ತೀನೂ ಇದನ್ನ ತಿಂತಾಳ. ನಾವೇನು ಬಿಟ್ಟೀವೇನು?" ಪಕ್ಕದ ಡಬ್ಬಿಯ ಮುಚ್ಚಳ ತೆಗೆದು ತೋರಿಸಿದರು. ರೊಟ್ಟಿಯ ಮೇಲೆ ಅದೇ ರಾಜಗಿರಿ ಪಲ್ಯ.

ಅಷ್ಟರಲ್ಲಿ ಮಗುವನ್ನು ಎತ್ತಿಕೊಂಡ ಹೆಂಗಸೊಬ್ಬರು ಬಗ್ಗಿ ಕೇಳಿದರು: "ಕಾಕಾ, ತಾಜಾ ಆಹೇ ನಾ?"

"ಏಕದಮ್ ತಾಜಾ, ತಾಯೀ." ಎಳೆಗಳು ಬಾಯಿಗೆ ಮರಳಿದವು.

ನಾನು ಅಲ್ಲಿಯೇ ನಿಂತಿದ್ದೆ. ಮಗು ಎಲೆಯೊಂದನ್ನು ಕಿತ್ತು ಹಿಡಿದುಕೊಂಡಿತ್ತು. ಬಾಯಿ ತೆರೆದರೆ ಕಾಕಾನ ಸಂಜೆಯ ಊಟ ಹೋಗುತ್ತದೆ. ತೆರೆಯದಿದ್ದರೆ ಏನು ಹೋಗುತ್ತದೆ ಎಂಬುದು ಅಲ್ಲಿದ್ದವರಲ್ಲಿ ನನಗೊಬ್ಬಳಿಗೇ ಸರಿಯಾಗಿ ಗೊತ್ತಿತ್ತು. ನಾನು ತೀರ್ಮಾನಿಸುವ ಮೊದಲೇ ಆ ಹೆಂಗಸು ಮೆಟ್ಟಿಲು ಹತ್ತಿಯಾಗಿತ್ತು.

ಅಮ್ಮ ಅಂದಿನಿಂದ ಹುಲ್ಲಿನ ಕಟ್ಟನ್ನು ಎಸೆಯಲಿಲ್ಲ. ನಾವು ಉಂಡೆವು. ಒಳ್ಳೆಯ ಸೊಪ್ಪು.

ಕಳೆದ ಮಳೆಗಾಲದ ಕೊನೆಯಲ್ಲಿ ಕಾಕಾ ತೀರಿಕೊಂಡರು. ಜ್ವರ ಎಂದರು ಮನೆಯವರು. ಅದನ್ನು ಸೀಸಕ್ಕೆ ಜೋಡಿಸಲು ನನ್ನ ಬಳಿ ಆಧಾರವಿಲ್ಲ, ಆದ್ದರಿಂದ ಜೋಡಿಸುವುದಿಲ್ಲ. ಆದರೂ ಯೋಚನೆ ಬರುತ್ತದೆ. ಒಬ್ಬ ಮನುಷ್ಯ ನನ್ನ ಮಾತನ್ನು ಪೂರ್ತಿ ನಂಬಿದ್ದರು. ಸಮ್ಮೇಳನದಲ್ಲಿ ಯಾರೂ ಅಷ್ಟು ನಂಬಿರಲಿಲ್ಲ. ನಂಬಿ ನನ್ನನ್ನು ಕಳಿಸಿದರು, ನಂಬಿ ನಮ್ಮ ಮನೆಯೊಂದನ್ನು ಉಳಿಸಿದರು, ನಂಬಿಯೂ ತಾವು ಅದನ್ನೇ ಉಂಡರು, ಊರಿಗೆಲ್ಲ ಮಾರಿದರು. ಅವರನ್ನು ಒಳ್ಳೆಯವರೆನ್ನಲು ಹೋದರೆ ಆ ಮಗುವಿನ ಕೈಯ ಎಲೆ ಕಾಣುತ್ತದೆ. ಕೆಟ್ಟವರೆನ್ನಲು ನನ್ನ ನಾಲಿಗೆ ಏಳುವುದಿಲ್ಲ. ಬೆಳೆಯುವವರಿಗೆ ಹೇಳಿದ್ದೀರಾ ಎಂದು ಕೊಯಮತ್ತೂರಿನಲ್ಲಿ ಕೇಳಿದರು. ತಿನ್ನುವವರಿಗೆ ಹೇಳಿದ್ದೀರಾ ಎಂದು ಕೇಳಿದ್ದರೆ?

ಈಗ ಮೆಟ್ಟಿಲ ಬುಡದಲ್ಲಿ ಅವರ ಹೆಂಡತಿ ಕೂರುತ್ತಾರೆ. ಮೊನ್ನೆ ನಾನು ಹೋದಾಗ ಅವರ ಬಾಯಿಯ ಮೂಲೆಯಲ್ಲೂ ಬಿಳಿ ಎಳೆಗಳಿದ್ದವು. ನಾನು ಕೇಳುವ ಮೊದಲೇ ಚೀಲದ ಕೆಳಗೆ ಕೈಹಾಕಿ ಹುಲ್ಲು ಸುತ್ತಿದ ಕಟ್ಟೊಂದನ್ನು ತೆಗೆದು ಕೊಟ್ಟರು. "ನಿನಗ ಇದನ್ನ ಕೊಡಬೇಕಂತ ಹೇಳಿ ಹೋಗ್ಯಾರವ್ವಾ."

ನಾನು ತೆಗೆದುಕೊಂಡೆ. ಅಷ್ಟರಲ್ಲಿ ನನ್ನ ಹಿಂದಿನಿಂದ ಯಾರೋ ಕೇಳಿದರು: "ಮಾವ್ಶೀ, ತಾಜಾ ಆಹೇ ನಾ?"

ಉತ್ತರಿಸುವ ಮೊದಲು ಆಕೆ ನನ್ನ ಮುಖ ನೋಡಿದರು.