ಉಪವಾಸ ಉಳಿದ ಹೊಲ

ಗುರೆಳ್ಳು ಹುರಿಯುವ ವಾಸನೆ ಬಂದರೆ ನಾನು ಈಗಲೂ ಬೆಲ್ಲದ ಬಾಗೇವಾಡಿಯ ನಮ್ಮ ಹಳೆಯ ಮನೆಯ ಒಲೆಯ ಮುಂದೆ ಕೂತಿರುತ್ತೇನೆ. ಎಳ್ಳಮಾವಾಸ್ಯೆಯ ಬೆಳಗು. ಆಯಿ, ಅಂದರೆ ಅಪ್ಪನ ತಾಯಿ, ಸಜ್ಜೆರೊಟ್ಟಿ, ಕಡಬು, ಕಾಳುಪಲ್ಯ, ಗುರೆಳ್ಳು ಹಿಂಡಿ ಎಲ್ಲವನ್ನೂ ಬುಟ್ಟಿಗೆ ತುಂಬಿಕೊಂಡು ಮಡ್ಡಿ ಹೊಲಕ್ಕೆ ನಡೆಯುತ್ತಿದ್ದಳು. ಅದನ್ನು ಕಲಸಿ ಹೊಲದ ತುಂಬ ಎರಚುವುದೇ ಚರಗ. ಅವಳ ಹಿಂದೆ ತಂಬಿಗೆ ಹಿಡಿದು ನೀರು ಚಿಮುಕಿಸುವ ಹಕ್ಕು ನನ್ನದು. ಅದನ್ನು ತಮ್ಮನಿಗೂ ಬಿಟ್ಟುಕೊಟ್ಟವಳಲ್ಲ. ವರ್ಷವಿಡೀ ಉಣಿಸುವ ನೆಲಕ್ಕೆ ನಾವು ಉಣಿಸುವ ದಿನ ಅದು.

ನಾನು ಆರನೆಯ ಇಯತ್ತೆಯಲ್ಲಿದ್ದಾಗ ಆ ಹೊಲವನ್ನು ಸೋಲಾರ್ ಕಂಪನಿಯವರು ಲಾವಣಿಗೆ, ಅಂದರೆ ಗೇಣಿಗೆ, ಕೇಳಿದರು. ಮನೆಯವರೆಲ್ಲ ಒಪ್ಪಿದರು. ಆಯಿ ಒಂದೇ ಮಾತು ಕೇಳಿದಳು: “ಎಳ್ಳಮಾಸಿ ದಿನ ಗೇಟ್ ಅಷ್ಟ ತಗೀಬೇಕ ನೋಡ್ರಿ ಸಾಹೇಬ್ರ, ಚರಗಾ ಚೆಲ್ಲಾಕ.”

“ಅದೇನ್ ದೊಡ್ಡದ್ರಿ ಅಮ್ಮಾ, ಹೊಲಾ ನಿಮ್ದ ಅಲ್ಲೇನ್ರಿ,” ಎಂದು ಕಂಪನಿಯವನು ನಕ್ಕು ಚಹಾ ಕುಡಿದ. ನಮ್ಮಲ್ಲಿ ಚಹಾ ಕುಡಿದು ಆಡಿದ ಮಾತನ್ನು ಕಾಗದಕ್ಕೆ ಹಾಕಿರಿ ಎನ್ನುವುದು ಬಂದವರಿಗೆ ಅವಮಾನ ಮಾಡಿದಂತೆ. ಆಯಿ ಕರಾರಿಗೆ ಹೆಬ್ಬೆಟ್ಟು ಒತ್ತಿದಳು. ಓದಬಲ್ಲ ನಾವ್ಯಾರೂ ಅದನ್ನು ಓದಿ ನೋಡಲಿಲ್ಲ.

ಮರುವರ್ಷ ಗೇಟಿನಲ್ಲಿ ನಮ್ಮೂರಿನವನೇ ಕಾವಲಿದ್ದ. “ಕಾಗದದಾಗ ಇಲ್ಲಂತ ಆಯಿ. ತಗದ್ರ ನನ್ನ ನೌಕರಿ ಹೊಕ್ಕೈತಿ,” ಎಂದ. ಆಯಿ ಅವನ ಕೈಗೆ ಒಂದು ಕಡಬು ಇಟ್ಟು, ಬೇಲಿಯ ಸುತ್ತ ನಡೆಯುತ್ತ ತಂತಿಯ ಸಂದಿಯಿಂದ ಚರಗ ಎರಚಿದಳು. ಅವಳ ಕೈ ಮುಟ್ಟಿದಷ್ಟೇ ಹೊಲ ಉಂಡಿತು. ಮನೆಗೆ ಬಂದು ಖಾಲಿ ಬುಟ್ಟಿ ಇಳಿಸುತ್ತ, “ನಡುವಿಂದು ಉಪಾಸ ಉಳೀತ ನೋಡ,” ಎಂದಳು.

ಆಯಿ ಹೋದಳು, ಆ ಅಡುಗೆಮನೆಯೂ ಬಿತ್ತು. ನಾನೀಗ ಹುಕ್ಕೇರಿಯಲ್ಲಿ ವಕೀಲರೊಬ್ಬರ ಬಳಿ ಕರಾರುಪತ್ರ ಟೈಪ್ ಮಾಡುತ್ತೇನೆ. ಗೋಕಾಕ, ಮೂಡಲಗಿ ಕಡೆಯಿಂದಲೂ ಸೋಲಾರಿನ, ಗಾಳಿಕಂಬದ ಕಾಗದಗಳು ಬರುತ್ತವೆ. ಕರೆಂಟು ಬೇಡವೆನ್ನಲು ನಾನ್ಯಾರು, ಫ್ಯಾನಿನ ಕೆಳಗೇ ಕೂತಿದ್ದೇನೆ. ಆದರೆ ಬಂದ ರೈತರಿಗೆಲ್ಲ ನನ್ನದು ಮೊದಲು ಒಂದೇ ಪ್ರಶ್ನೆ: “ಬಾಯಿಲೆ ಏನೇನ್ ಹೇಳ್ಯಾರ್ರಿ ಅವ್ರು?” ಹೇಳಿದ್ದೆಲ್ಲ ಕರಾರಿನಲ್ಲಿ ಬರುತ್ತದೆ. ಕಂಪನಿಯವರು ಗೊಣಗಿದರೆ, “ಸಹಿ ಆಗ್ಲಿ, ಆಮ್ಯಾಲ ಚಹಾ ಕುಡ್ಯೂಣ್ರಿ,” ಎನ್ನುತ್ತೇನೆ. ಸಹಿ ಮಾಡುತ್ತಾರೆ.

ಹೋದ ಎಳ್ಳಮಾವಾಸ್ಯೆಗೆ ನಾಗನೂರಿನಲ್ಲಿ, ಹಾಗೆ ಕರಾರಿನಲ್ಲಿ ಬರೆಸಿದ್ದಕ್ಕೆ, ಒಂದು ಗೇಟು ಚರಗಕ್ಕೆಂದು ತೆರೆಯಿತು. ನಮ್ಮ ಹೊಲದ್ದು ತೆರೆಯಲಿಲ್ಲ. ಆ ಕರಾರು ಮುಗಿಯಲು ಇನ್ನೂ ಬಹಳ ವರ್ಷಗಳಿವೆ. ಇರಲಿ. ಆಯಿಯ ತಂಬಿಗೆ ನನ್ನ ಹತ್ತಿರವೇ ಇದೆ.