ನೊಣದ ಹೊಲಸೆಂದು ಬಿಟ್ಟ ಐದು ಚುಕ್ಕೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಮೂರ್ನಾಡಿನ ಹತ್ತಿರದ ಒಂದು ಊರಿನ ಹಳೆಯ ನಕ್ಷೆಯಲ್ಲಿದ್ದ ಐದು ಚುಕ್ಕೆಗಳನ್ನು ನೊಣದ ಹೊಲಸೆಂದು ತಿಳಿದು ಬಿಟ್ಟವನು ನಾನೇ. ಅವು ಏನೆಂದು ತಿಳಿದಾಗ ಅವುಗಳ ಮೇಲೆಯೇ ನಿಂತಿದ್ದೆ.

ರಾಜ್ಯ ಒಂದಾದ ಹೊಸತರಲ್ಲಿ ಧಾರವಾಡದಿಂದ ಮಡಿಕೇರಿಗೆ ಟ್ರೇಸರ್ ಆಗಿ ಬಂದೆ. ಹಳೆಯ ನಕ್ಷೆಗಳನ್ನು ಪಾರದರ್ಶಕ ಬಟ್ಟೆಗೆ ಇಳಿಸುವ ಕೆಲಸ. ನಮ್ಮ ಕಡೆ ಒಂದು ಗಡಿಕಲ್ಲಿನ ಬಳಿ ನಿಂತರೆ ಮುಂದಿನ ಮೂರು ಕಾಣುತ್ತವೆ. ಇಲ್ಲಿ ಮಂಜು ಕವಿದರೆ ನನ್ನ ಚಪ್ಪಲಿಯೇ ನನಗೆ ಕಾಣದು. ತಂದ ಜೋಳದ ಹಿಟ್ಟಿಗೆ ವಾರದಲ್ಲೇ ಬೂಸಲು ಬಂತು. ಕಡಂಬುಟ್ಟು, ಅಂದರೆ ಅಕ್ಕಿತರಿಯ ಹಬೆಯುಂಡೆ, ನುಂಗಲು ಕಲಿತೆ. ಒಂಟಿತನಕ್ಕೆ ಒಂದೇ ಮದ್ದು: ಸಿಕ್ಕವರ ಧ್ವನಿ ಅಣಕಿಸುವುದು. ಪಾರುಪತ್ತೇಗಾರರ (ಕಂದಾಯದ ಸ್ಥಳೀಯ ಅಧಿಕಾರಿಗೆ ಇಲ್ಲಿಯ ಹೆಸರು) ಕೆಮ್ಮು ಅವರಿಗಿಂತ ನನಗೇ ಚೆನ್ನಾಗಿ ಬರುತ್ತಿತ್ತು.

ಆ ಊರಿಗೆ ಕುಡಿಯುವ ನೀರಿನ ಬಾವಿ ಬೇಕಿತ್ತು. ಒಂದು ಬಟ್ಟೆಯಲ್ಲಿ ಒರತೆಗಳು, ಇನ್ನೊಂದರಲ್ಲಿ ಮನೆಗಳು, ಮತ್ತೊಂದರಲ್ಲಿ ಸರ್ಕಾರಿ ಭೂಮಿ, ನಾಲ್ಕನೆಯದರಲ್ಲಿ ಹಳೆಯ ಗುರುತುಗಳು. ಗಡಿಕಲ್ಲಿಗೆ ಗಡಿಕಲ್ಲು ಕೂಡಿಸಿ ಗಾಜಿನ ಮೇಜಿನ ಮೇಲೆ ಒಂದರ ಮೇಲೊಂದು ಹಾಸಿ, ಕೆಳಗೆ ದೀಪ ಹಚ್ಚಿದರೆ, ಯಾವ ಹಾಳೆಯೂ ಒಂಟಿಯಾಗಿ ಹೇಳದ ಮಾತನ್ನು ಎಲ್ಲವೂ ಸೇರಿ ಹೇಳುತ್ತವೆ. ನೀರಿಗೆ ಹತ್ತಿರ, ಮನೆಗಳಿಗೆ ಹತ್ತಿರ, ಭೂಮಿ ಸರ್ಕಾರದ್ದು: ಅಂಥ ಒಂದು ಜಾಗ ಬೆಳಕಿನಲ್ಲಿ ತೇಲಿ ಬಂತು. ನಾಲ್ಕನೆಯ ಹಾಳೆ ಅಲ್ಲಿ ಖಾಲಿ. ಖಾಲಿ ಬಿಟ್ಟವನು ನಾನಲ್ಲವೇ! ಪಂಚಾಯಿತಿ ಒಪ್ಪಿತು, ನಾನು ಕೆಂಪು ಸುತ್ತು ಹಾಕಿದೆ.

ಗೂಟ ಹೊಡೆಯಲು ಹೋದ ಬೆಳಿಗ್ಗೆ ದಟ್ಟ ಮಂಜು. ಸುತ್ತಿಗೆಯ ಏಟಿಗೆ ಸದ್ದೇ ಇಲ್ಲ; ಕೆಳಗಿನಿಂದ ಯಾರೋ ಎಳೆದುಕೊಂಡಂತೆ ಗೂಟ ಇಳಿಯಿತು. ನಾನು ಪಾರುಪತ್ತೇಗಾರರ ಹಾಗೆ ಕೆಮ್ಮಿ, "ಹೂಂ, ಅಗೆಯಿರಿ!" ಎಂದೆ. ಕೆಲಸದವರು ನಗಲಿಲ್ಲ. ಹಾರೆ ಕೆಳಗಿಟ್ಟು ಹಿಂದೆ ಸರಿದರು. ಮಂಜಿನೊಳಗಿಂದ ಪಕ್ಕದ ಮನೆಯ ಅಜ್ಜಿ ಚಿನ್ನಮ್ಮ ಬಂದರು.

"ಅಲ್ಲಿ ಬೇಡ. ಸಿಡುಬಿನ ವರ್ಷ ಹೂತ ಮಕ್ಕಳ ಗುಂಡಿ ಉಟ್ಟು." ಅರೆಭಾಷೆಯಲ್ಲಿ ‘ಉಟ್ಟು’ ಎಂದರೆ ‘ಇದೆ’.

"ನಕಾಶದಾಗ ಏನೂ ಇಲ್ಲಲ್ರೀ, ಅಜ್ಜೀ."

"ಐದು ಗುಂಡಿ. ಕಡೇದು ನನ್ನ ಮಗಳದ್ದು. ಅವರ ಮೇಲಿಂದ ನೀರು ಸೇದಿ ಕುಡೀಬೇಕಾ ನಾವು?"

ಐದು! ನಾನು ಬಿಟ್ಟ ಚುಕ್ಕೆಗಳೂ ಐದೇ. ಆದರೂ ತಪ್ಪು ಮುಚ್ಚಿಕೊಳ್ಳಲು ಅವರದೇ ನಡುಗುವ ಧ್ವನಿಯಲ್ಲಿ, "ಐದು ಗುಂಡಿ, ಐದು ಗುಂಡಿ," ಎಂದು ಅಣಕಿಸಿದೆ. ಗುಡ್ಡ ಅದನ್ನು ತಿರುಗಿ ಹೇಳಿತು, ಬಲು ಸಣ್ಣ ಧ್ವನಿಯಲ್ಲಿ. ಆಗ ಚಿನ್ನಮ್ಮ ಒಂದು ಮಾತು ಆಡಿದರು. ಗೂಟವನ್ನು ನಾನೇ ಕಿತ್ತೆ.

ಬಾವಿ ತೊರೆಯ ಆಚೆ ದಡಕ್ಕೆ ಹೋಯಿತು. ಚುಕ್ಕೆಗಳನ್ನು ಹಾಳೆಗೆ ಇಳಿಸಿ ದೀಪ ಹಚ್ಚಿದರೆ ಐದೂ ನನ್ನ ಕೆಂಪು ಸುತ್ತಿನೊಳಗೆ ಒತ್ತೊತ್ತಾಗಿ ಕೂತಿದ್ದವು.

ಈಗ ಧಾರವಾಡಕ್ಕೆ ಹೋದರೆ ಬಟಾಬಯಲನ್ನೂ ನಂಬಲಾರೆ, ಕಾಲಿಡುವ ಮುಂಚೆ ನೆಲ ನೋಡುತ್ತೇನೆ. ಇಲ್ಲಿಯವರಿಗೆ ನಾನು ಇನ್ನೂ ಬಯಲುಸೀಮೆಯವನೇ. ಧಾರವಾಡದ ಗೆಳೆಯರು "ಕೊಡಗಿನವರ ಧ್ವನಿ ತಗೀಲೇ" ಎಂದು ಗಂಟುಬಿದ್ದರೆ ಎಲ್ಲರನ್ನೂ ಅಣಕಿಸುತ್ತೇನೆ, ಚಿನ್ನಮ್ಮನವರೊಬ್ಬರನ್ನು ಬಿಟ್ಟು. ಆ ಬೆಳಿಗ್ಗೆ ಅವರು ಅಂದದ್ದು ಇಷ್ಟೇ:

"ಎಲ್ಲರ ಸ್ವರಾನೂ ಮಾಡ್ತೀಯಲ್ಲ ಮಗಾ, ನನ್ನ ಮಗಳ ಸ್ವರ ಒಂದ್ಸಲ ಮಾಡು. ನಂಗೆ ಮರ್ತೇ ಹೋಗಿದೆ."